ನೀರಿನ ನೌಕರಿ

ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆ ನನ್ನ ಹೆಂಡತಿಯ ಸಂಸ್ಥಾನ. ಹೆರೆದ ಕೊಬ್ಬರಿ, ಸುಲಿದ ಬಟಾಣಿ, ಹಿಂಡಿಟ್ಟ ಮಾವಿನ ರಸ, ಯಾರದೋ ಮದುವೆಯಲ್ಲಿ ಉಳಿದು ನಮ್ಮ ಪಾಲಿಗೆ ಬಂದ ಕುಂದಾ, ಒಂದೊಂದಕ್ಕೂ ಅಲ್ಲಿ ಗೊತ್ತಾದ ಜಾಗವಿದೆ. ಬರ್ಫದ ಟ್ರೇ ಬಿಟ್ಟರೆ ನಾನು ಯಾವುದಕ್ಕೂ ಕೈ ಹಚ್ಚುವಂತಿಲ್ಲ. ಇಂಥ ಕಟ್ಟುನಿಟ್ಟಿನ ರಾಜ್ಯಕ್ಕೆ ಆಗಾಗ ದಂಡೆತ್ತಿ ಬರುವವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿರುವ ಅವನು ಗೋವೆಗೆ ಹೋದರೆ ಚೋರ್ಲಾ ಘಾಟ್ ಹತ್ತಿ ಮರಳುವಾಗ ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯಲ್ಲಿ ಒಂದು ರಾತ್ರಿ ತಂಗುತ್ತಾನೆ. ಕಾಲು ತೊಳೆಯುವುದಕ್ಕೂ ಮೊದಲು ಅವನು ಮಾಡುವ ಕೆಲಸವೆಂದರೆ ಬಟಾಣಿಯನ್ನು ಕೆಳಗಿಳಿಸಿ, ಆ ಜಾಗದಲ್ಲಿ ಬೆಳ್ಳಿಬಣ್ಣದ ಪಾಕೀಟುಗಳನ್ನು ಪೇರಿಸುವುದು.

ಒಮ್ಮೆ ಎದುರು ಮನೆಯ ನಿವೃತ್ತ ಫೌಜದಾರರು ಕಾಲು ಉಳುಕಿಸಿಕೊಂಡು ಬರ್ಫ ಕೇಳಲು ಬಂದರು. ನಾನು ಫ್ರಿಜ್ಜಿನ ಬಾಗಿಲು ತೆಗೆದದ್ದೇ ತಡ, ಕ್ಲಿಪ್ ಹಾಕಿದ್ದ ಒಂದು ಪಾಕೀಟು ಜಾರಿ ಬಿದ್ದು ಹಸಿರು ಗುಳಿಗೆಗಳು ನೆಲದ ತುಂಬ ಚೆಲ್ಲಿದವು. ಜೊತೆಗೆ ಒಂದು ವಾಸನೆ ಎದ್ದಿತು. ಅದರಲ್ಲಿ ಮಾವಿನಕಾಯಿಯ ಸೊನೆ ಇತ್ತು, ಕಿತ್ತಳೆಯ ಸಿಪ್ಪೆ ಇತ್ತು, ಹೆಸರು ಹೇಳಲಾಗದ ಮತ್ತೇನೋ ಇತ್ತು. ಫೌಜದಾರರಿಗೆ ಆ ಮತ್ತೇನೋದ ಹೆಸರು ಗೊತ್ತಿದ್ದಂತಿತ್ತು. ಕಾಲುನೋವು ಮರೆತು ಬಗ್ಗಿ ಒಂದು ಗುಳಿಗೆ ಎತ್ತಿ, ಬೆರಳಲ್ಲಿ ತಿಕ್ಕಿ, ಕಣ್ಣು ಮುಚ್ಚಿ ಮೂಸಿ, ಸರ್ವಿಸಿನಲ್ಲಿದ್ದಾಗಿನ ದನಿಯಲ್ಲಿ, “ಇದೇನ್ರಿ ಸರ?” ಎಂದರು.

“ಹಾಪ್ಸ್ ರೀ ಅಂಕಲ್. ಬಿಯರಿಗೆ ಹಾಕೂದು. ಗಾಂಜಾದ ಕುಲದ್ದ ಬಳ್ಳಿ, ಆದ್ರ ಅದರ ನಶಾ ಇದರಾಗ ಇರಂಗಿಲ್ಲ,” ಎಂದ ನನ್ನ ಅಳಿಯ. ಹೇಳಿದ್ದೆಲ್ಲ ಸತ್ಯ. ಸತ್ಯವನ್ನು ಇಷ್ಟು ತಪ್ಪು ಕ್ರಮದಲ್ಲಿ ಹೇಳುವುದಕ್ಕೂ ಒಂದು ಪ್ರತಿಭೆ ಬೇಕು.

ಖಾನಾಪುರದಿಂದ ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ನಮ್ಮವ್ವ ಕನ್ನಡಕ ಏರಿಸಿ ನೋಡಿದಳು. “ಎಮ್ಮಿಗೆ ಹಾಕೋ ಹಿಂಡಿ ಅಲ್ಲೇನೋ ಅದು?” ಎಂದಳು. ನೋಡಲು ಥೇಟ್ ಹಾಗೆಯೇ ಇತ್ತು. ಫೌಜದಾರರು ಮುದುಕಿಯ ಸಾಕ್ಷಿಯನ್ನು ಒಪ್ಪಿಕೊಂಡು ಬರ್ಫ ಹಿಡಿದು ಹೋದರು. ಆದರೂ ಆಮೇಲೆ ಕೆಲವು ದಿನ ನನ್ನ ‘ನಮಸ್ಕಾರ್ರಿ’ಗೆ ಅವರ ಉತ್ತರ ತುಸು ತಡವಾಗಿಯೇ ಬರುತ್ತಿತ್ತು.

ಆ ಗುಳಿಗೆ ಬಂದ ದಾರಿ ದೂರದ್ದು. ಹಾಪ್ಸ್ ಬಳ್ಳಿಯ ಹೆಣ್ಣು ಹೂವಿನ ಎಸಳುಗಳ ಬುಡದಲ್ಲಿ ಹಳದಿ ಪುಡಿ ಕೂತಿರುತ್ತದೆ. ಕಹಿಯೂ ಪರಿಮಳವೂ ಅದರೊಳಗೇ. ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಒಂದಿಷ್ಟು ಬೆಳೆಯುತ್ತಾರೆ. ಅಳಿಯನಿಗೆ ಬೇಕಾದದ್ದು ಅಮೆರಿಕದ ಯಾಕಿಮಾ ಕಣಿವೆಯಿಂದ, ಜರ್ಮನಿಯ ಹಾಲರ್ಟಾವಿನಿಂದ ಬರಬೇಕು. ಗಾಳಿ ತಾಕಿಸಿ ಬೆಚ್ಚಗೆ ಇಟ್ಟರೆ ಕೆಲವೇ ತಿಂಗಳಲ್ಲಿ ಪರಿಮಳ ಹೋಗಿ ಹಳೇ ಚೀಜಿನ ನಾತ ಹೊಡೆಯುತ್ತದಂತೆ. ಹೀಗಾಗಿ ಬಟಾಣಿಗೆ ವನವಾಸ.

ಅಳಿಯನ ಉದ್ಯೋಗ ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬೇಕು. ನಮ್ಮ ನೆಂಟರಿಗೆ ಮಾತ್ರ ತಿಳಿದಿಲ್ಲ. ಇಂಜಿನಿಯರಿಂಗ್ ಓದಿ, ಒಂದೆರಡು ವರ್ಷ ಕಂಪ್ಯೂಟರಿನ ಮುಂದೆ ಕೂತು, ಅದನ್ನು ಬಿಟ್ಟು ಇಂದಿರಾನಗರದ ಒಂದು ಪಬ್ಬಿನಲ್ಲಿ ಬಿಯರ್ ಕಾಯಿಸುವ ಕೆಲಸಕ್ಕೆ ಸೇರಿದಾಗ ಅಕ್ಕ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಎದ್ದು ಒಂದು ತೀರ್ಮಾನಕ್ಕೆ ಬಂದಳು: ಕೇಳಿದವರಿಗೆಲ್ಲ ‘ವಾಟರ್ ಟ್ರೀಟ್‌ಮೆಂಟ್ ಕಂಪನಿ’ ಎಂದು ಹೇಳುವುದು. ಕನ್ಯೆ ನೋಡುವ ಕಾಲ ಬೇರೆ. ನೀರಿನ ನೌಕರಿ ಎಂದರೆ ಕೇಳಿದವರ ಮುಖ ತಿಳಿಯಾಗುತ್ತದೆ. ಗೋಕಾಕದ ಕಡೆಯವರೊಬ್ಬರು, “ಪೆನ್ಶನ್ ಐತೇನ್ರಿ?” ಎಂದು ಕೇಳಿದ್ದರು. “ಐತ್ರಿ,” ಎಂದು ಭಾವ ಹೇಳಿಬಿಟ್ಟಿದ್ದ.

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ ಅಕ್ಕನ ಮಾತನ್ನು ಪೂರಾ ಸುಳ್ಳು ಎನ್ನುವಂತಿಲ್ಲ. ಅಳಿಯನ ಜೇಬಿನಲ್ಲಿ ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಷ್ಟು ಉದ್ದದ ಒಂದು ಟಿಡಿಎಸ್ ಮೀಟರ್ ಸದಾ ಇರುತ್ತದೆ. ಹೋಟೆಲಿನಲ್ಲಿ ವೇಟರ್ ನೀರಿಟ್ಟರೆ ಮೊದಲು ಅದನ್ನು ಅದ್ದುತ್ತಾನೆ. ಕಪಿಲೇಶ್ವರ ಗುಡಿಯಲ್ಲಿ ತೀರ್ಥ ಕೊಟ್ಟಾಗ ಅವನ ಇನ್ನೊಂದು ಕೈ ಜೇಬಿನ ಕಡೆ ಹೋದದ್ದನ್ನು ನಾನೇ ಕಂಡಿದ್ದೇನೆ.

ಬೆಳಗಾವಿ ನೀರಿನ ಲೆಕ್ಕದಲ್ಲಿ ಗಡಿಯ ಊರು. ಇದು ನನಗೆ ಅಳಿಯ ಹೇಳಿದ ಮೇಲೆ ಹೊಳೆದದ್ದು. ಅಲ್ಲಿಯವರೆಗೆ ನನಗೆ ಗೊತ್ತಿದ್ದ ಗಡಿ ಒಂದೇ, ಅದರ ಗದ್ದಲ ಕೇಳುತ್ತಲೇ ಬೆಳೆದವರು ನಾವು. ಊರಿನ ಪಶ್ಚಿಮಕ್ಕೆ ಸಹ್ಯಾದ್ರಿಯ ಕೆಮ್ಮಣ್ಣು, ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯ ಎರೆಭೂಮಿ. ನಲ್ಲಿಗೆ ಬರುವುದು ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು. ಎರೆಯ ಸೀಮೆಯ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಹಟ ಬಿಡುವುದಿಲ್ಲ. ಖಾನಾಪುರದ ನಮ್ಮ ಹಿತ್ತಲ ಬಾವಿಯದು ಮಳೆನೀರು ಜಂಬಿಟ್ಟಿಗೆಯ ಕಲ್ಲಿನಲ್ಲಿ ಇಳಿದು ಬಂದದ್ದು. ಸೋಪು ಹಚ್ಚಿದರೆ ತೊಳೆದಷ್ಟೂ ನೊರೆ, ಮೈಯ ಜಾರು ಹೋಗುವುದೇ ಇಲ್ಲ. ಅಲ್ಲಿ ಮೀಟರ್ ಅದ್ದಿದ ದಿನ ಅಳಿಯ ಬಾವಿಕಟ್ಟೆಯ ಮೇಲೆ ಕೂತು, “ಮಾಮಾ, ಇದು ಪಿಲ್ಸೆನ್ ನೀರು!” ಎಂದು ಕೂಗಿದ. ನಮ್ಮವ್ವ ನೀರಿನಲ್ಲಿ ಏನೋ ಬಿತ್ತೆಂದು ಓಡಿ ಬಂದಳು.

ಪಿಲ್ಸೆನ್ ಎಂಬುದು ಈಗಿನ ಚೆಕ್ ದೇಶದ ಒಂದು ಊರು. ಅಲ್ಲಿ 1842ರಲ್ಲಿ ಜೋಸೆಫ್ ಗ್ರೋಲ್ ಎಂಬ ಬವೇರಿಯಾದವನು ಹೊಂಬಣ್ಣದ ಲಾಗರ್ ಬಿಯರ್ ಮಾಡಿದ. ಅದಕ್ಕೆ ಆ ಊರಿನ ಮೆದು ನೀರು ಹೇಳಿ ಮಾಡಿಸಿದಂತಿತ್ತು. ಇಂಗ್ಲೆಂಡಿನ ಬರ್ಟನ್ ಊರಿನ ನೀರು ಇದಕ್ಕೆ ತದ್ವಿರುದ್ಧ. ಅದರ ತುಂಬ ಜಿಪ್ಸಂ. ಅದು ಹಾಪ್ಸಿನ ಕಹಿಯನ್ನು ಚೂಪು ಮಾಡಿ ನಿಲ್ಲಿಸುತ್ತದೆ. ಆಯಾ ಊರಿನ ಬಿಯರ್ ಆಯಾ ಊರಿನ ಬಾವಿಯ ಮಾತು ಕೇಳುತ್ತಿದ್ದ ಕಾಲ ಅದು. ಈಗಿನವರು ಆರ್‌ಓ ಮಷಿನ್ನಿನಲ್ಲಿ ನೀರಿನ ಎಲ್ಲ ಸ್ವಭಾವ ಕಳೆದು, ಆಮೇಲೆ ಬೇಕಾದಷ್ಟು ಜಿಪ್ಸಂ, ಬೇಕಾದಷ್ಟು ಕ್ಯಾಲ್ಸಿಯಂ ಕ್ಲೋರೈಡು ತೂಗಿ ಹಾಕುತ್ತಾರೆ. ಕಹಿ ಮುಂದೆ ಬರಬೇಕಾದರೆ ಮೊದಲನೆಯದು, ಬಾಯಿ ತುಂಬಬೇಕಾದರೆ ಎರಡನೆಯದು. ಬೆಂಗಳೂರಿನ ಟ್ಯಾಂಕರ್ ನೀರಿನಿಂದ ಬೆಳಗ್ಗೆ ಪಿಲ್ಸೆನ್, ಸಂಜೆ ಬರ್ಟನ್ ಮಾಡುತ್ತಾನೆ ನಮ್ಮ ಹುಡುಗ.

ಟಿಳಕವಾಡಿಯಲ್ಲಿ ಸಂಜೆ ತಿರುಗಾಡಲು ಹೊರಟಾಗ ಕಾಂಗ್ರೆಸ್ ಬಾವಿಯ ಹತ್ತಿರ ಅವನ ಕೈ ಮತ್ತೆ ಜೇಬಿಗೆ ಹೋಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕಮಾತ್ರ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆಯಿತಲ್ಲ, ಅದಕ್ಕೆ ಬಂದ ಜನಕ್ಕೆ ನೀರಿಗಾಗಿ ತೋಡಿದ ಬಾವಿ ಅದು, ಪಂಪಾ ಸರೋವರವೆಂದೂ ಹೆಸರು. ಗಂಗಾಧರರಾವ್ ದೇಶಪಾಂಡೆಯವರು ಓಡಾಡಿ ಕಟ್ಟಿದ ಆ ಅಧಿವೇಶನದಲ್ಲಿ ಪಾನನಿಷೇಧದ ಮುದುಕ ಕುಡಿದ ನೀರು. ನಾನು ಅಳಿಯನ ಕೈ ಗಟ್ಟಿಯಾಗಿ ಹಿಡಿದೆ. “ಇದರ ನಂಬರ್ ನಮಗ ಬ್ಯಾಡ,” ಎಂದೆ. ಅವನು ನಕ್ಕು ಮೀಟರ್ ಒಳಗಿಟ್ಟ. ಎರಡು ಹೆಜ್ಜೆ ಹೋದ ಮೇಲೆ ಆ ನಂಬರ್ ಎಷ್ಟಿದ್ದೀತು ಎಂದು ನನ್ನ ತಲೆಯಲ್ಲೇ ಶುರುವಾಯಿತು.

ಕ್ಯಾಂಪಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಮಿಲಿಟರಿಯಿಂದ ನಿವೃತ್ತ. ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್ ಹುಟ್ಟಿದ್ದೇ ಬೆಳಗಾವಿಯಂಥ ದಂಡಿನ ಊರುಗಳಿಗಾಗಿ ಎಂಬುದು ಅವನ ವಾದ. 1818ರಲ್ಲಿ ಬ್ರಿಟಿಷರ ದಳಪತಿ ಮನ್ರೋ ಇಲ್ಲಿಯ ಕೋಟೆ ಗೆದ್ದ ಮೇಲೆ ಗೋರಾ ಸಿಪಾಯಿಗಳು ಇಲ್ಲಿ ಬೀಡುಬಿಟ್ಟರು. ಅವರಿಗಾಗಿ ಹಡಗಿನಲ್ಲಿ ತಿಂಗಳುಗಟ್ಟಲೆ ಬರುವ ಬಿಯರ್ ಕೆಡಬಾರದೆಂದು ಹಾಪ್ಸ್ ಸುರಿದರು ಎಂದು ಅವನು ಹೈ ಸ್ಟ್ರೀಟಿನಲ್ಲಿ ನಿಂತು ವರ್ಣಿಸಿದರೆ ಪೀಪಾಯಿ ಉರುಳುವ ಸದ್ದು ಕೇಳಬೇಕು. ಅಳಿಯ ಇದಕ್ಕೆ ತಣ್ಣೀರೆರಚಿದ. ಹಾಪ್ಸ್ ಬಿಯರನ್ನು ಕಾಯುವುದು ಖರೆ, ಆದರೆ ಲಂಡನ್ನಿನ ಹಾಡ್ಜ್‌ಸನ್ ಎಂಬವನ ಬಿಯರ್ ಇಲ್ಲಿಗೆ ಹೆಚ್ಚು ಬಂದದ್ದು ಅವನ ಕಾರ್ಖಾನೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಗೆ ಹತ್ತಿರವಿತ್ತೆಂದು ಮತ್ತು ಕಪ್ತಾನರಿಗೆ ಅವನು ಉದ್ರಿ ಕೊಡುತ್ತಿದ್ದನೆಂದು. 1820ರ ದಶಕದಲ್ಲಿ ಬರ್ಟನ್ನಿನವರು ಅವನ ವ್ಯಾಪಾರಕ್ಕೆ ಕೈ ಹಾಕಿದರು. ಆ ಬಿಯರೂ ಹೋದದ್ದು ಸಾಹೇಬರ ಮೇಜಿಗೆ. ಸಾದಾ ಸಿಪಾಯಿಗಳು ಹೆಚ್ಚಾಗಿ ಕುಡಿದದ್ದು ಪೋರ್ಟರ್ ಎಂಬ ಕಪ್ಪು ಬಿಯರು. ಗೆಳೆಯನಿಗೆ ಬೇಸರವಾಯಿತು. ಉದ್ರಿಯಿಂದ ಹುಟ್ಟಿದ ಇತಿಹಾಸ ಅವನಿಗೆ ರುಚಿಸಲಿಲ್ಲ. ನನಗೆ ಅದೇ ಹೆಚ್ಚು ನಂಬಿಕೆಗೆ ಯೋಗ್ಯ ಎನಿಸಿತು.

ನಮ್ಮ ಕಡೆಯ ಬಿಯರಿನ ದೊಡ್ಡ ಕಥೆ ಬೆಂಗಳೂರಿನದು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್‌ಲೆಂಡಿನವ ದಕ್ಷಿಣದ ಐದು ಸಣ್ಣ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡಿನ ಜನಕ್ಕೆ ಎತ್ತಿನಗಾಡಿಯಲ್ಲಿ ಪೀಪಾಯಿಗಳು ಹೋಗುತ್ತಿದ್ದವು. ಮುಂದೆ ಒಂದು ಶತಮಾನದ ಮಟ್ಟಿಗೆ ಬಿಯರ್ ಎಂದರೆ ಬಾಟಲಿ, ಬಾಟಲಿ ಎಂದರೆ ಒಂದೇ ರುಚಿ. 2010ರ ಈಚೆಗೆ ಟಾಯ್ಟ್, ಬಿಯರ್ ಕ್ಲಬ್, ಆರ್ಬರ್, ವಿಂಡ್‌ಮಿಲ್ಸ್ ಎಂದು ಒಂದೊಂದೇ ಬಾಗಿಲು ತೆರೆದವು, ಗಿರಾಕಿಯ ಕಣ್ಣೆದುರೇ ತಾಮ್ರದ, ಸ್ಟೀಲಿನ ಹಂಡೆಗಳು ಬಂದು ಕೂತವು. ಅಂಥದೇ ಒಂದು ಕಡೆ ಅಳಿಯನ ಕೆಲಸ. ಮದುವೆಯೊಂದಕ್ಕೆ ಬೆಂಗಳೂರಿಗೆ ಹೋದಾಗ ನಮ್ಮನ್ನು ಬೆಳಗಿನ ಹೊತ್ತು ಅಲ್ಲಿಗೆ ಕರೆದೊಯ್ದ. ಗಿರಾಕಿಗಳು ಬರುವ ಮುಂಚೆ ಅದು ದವಾಖಾನೆಯಷ್ಟು ಶಾಂತ.

ಪಬ್ಬಿನಲ್ಲಿ ಏನೇನೋ ನೋಡಬೇಕಾದೀತೆಂದು ಹೆಂಡತಿ ಸೆರಗನ್ನು ಮೂಗಿಗೆ ಹಿಡಿದೇ ಒಳಗೆ ಬಂದಿದ್ದಳು. ಕಂಡದ್ದು ಗಮ್‌ಬೂಟು ಹಾಕಿ ನೆಲ ತೊಳೆಯುತ್ತಿದ್ದ ಹುಡುಗರು. ಟ್ಯಾಂಕಿಗೆ ಕಾಸ್ಟಿಕ್ ಹಾಯಿಸುವುದು, ನೀರು ಹಾಯಿಸುವುದು, ಆಸಿಡ್ ಹಾಯಿಸುವುದು, ಪೈಪಿನ ಒಂದೊಂದು ವಾಷರ್ ಬಿಚ್ಚಿ ಉಜ್ಜುವುದು. “ದಿನದಾಗ ಅರ್ಧಕ್ಕಿಂತ ಹೆಚ್ಚು ಇದ ಕೆಲಸ, ಮಾಮಿ,” ಎಂದ ಅಳಿಯ. ಅವಳು ಸೆರಗು ಇಳಿಸಿದಳು. ನಮ್ಮ ಮನೆಯಲ್ಲಿ ಉಂಡ ತಾಟು ಎತ್ತದವನು ಇಲ್ಲಿ ಹಂಡೆಯೊಳಗೆ ತಲೆ ತೂರಿಸಿ ತೊಳೆಯುವುದನ್ನು ಕಂಡು ಅವಳಿಗೆ ಉದ್ಯೋಗದ ಮೇಲೆ ಗೌರವ, ಹುಡುಗನ ಮೇಲೆ ಸಿಟ್ಟು, ಎರಡೂ ಒಟ್ಟಿಗೆ ಬಂದವು.

ಹಾಪ್ಸಿನ ವಿದ್ಯೆಯನ್ನು ಅವನು ಅಲ್ಲೇ ವಿವರಿಸಿದ. ತಾಸುಗಟ್ಟಲೆ ಕುದಿಸಿದರೆ ಕಹಿ ಬಿಡುತ್ತದೆ, ಪರಿಮಳ ಹಬೆಯ ಜೊತೆ ಹಾರಿಹೋಗುತ್ತದೆ. ಪರಿಮಳ ಬೇಕೆಂದರೆ ಒಲೆ ಆರಿಸಿ, ಎಂಬತ್ತು ಡಿಗ್ರಿಯ ಆಸುಪಾಸಿಗೆ ಇಳಿಸಿ ಹಾಕಬೇಕು. ಇನ್ನೂ ಬೇಕೆಂದರೆ ಬಿಯರ್ ಹುದುಗಿ ಮುಗಿದ ಮೇಲೆ ತಣ್ಣಗಿರುವಾಗ ಹಾಕಬೇಕು. ಕಲಿಯುವ ಕಾಲದಲ್ಲಿ ಅವನು ವಾರಗಟ್ಟಲೆ ನೆನೆಸುತ್ತಿದ್ದನಂತೆ, ಹೆಚ್ಚು ಹೊತ್ತು ಇಟ್ಟಷ್ಟೂ ಹೆಚ್ಚು ಘಮ ಎಂದು. ಬಂದದ್ದು ಹುಲ್ಲಿನ ರುಚಿ. ಈಗ ಕೆಳಗೆ ಕೂತ ಯೀಸ್ಟನ್ನು ಮೊದಲು ಹೊರಗೆ ಬಿಟ್ಟು, ತಂಪಿನಲ್ಲಿ ಎರಡು ಮೂರು ದಿನ ಮಾತ್ರ ಹಾಪ್ಸಿನ ಸಹವಾಸ. ಅದರಲ್ಲೂ ಒಂದು ಮೋಸವಿದೆ. ಹಾಪ್ಸಿನಲ್ಲಿರುವ ಕಿಣ್ವಗಳು ಬಿಯರಿನಲ್ಲಿ ಉಳಿದ ಗಂಜಿಯಂಶವನ್ನು ಒಡೆದು ಸಕ್ಕರೆ ಮಾಡುತ್ತವೆ. ಮಲಗಿದ್ದ ಯೀಸ್ಟ್ ಎದ್ದು ಮತ್ತೆ ಕೆಲಸ ಹಚ್ಚುತ್ತದೆ. ಆಮೇಲೆ ಗಾಳಿಯ ಭಯ. ಟ್ಯಾಂಕಿನ ಮುಚ್ಚಳ ತೆಗೆದು ಹಾಪ್ಸ್ ಸುರಿಯುವ ಗಳಿಗೆಯಲ್ಲಿ ಆಮ್ಲಜನಕ ಒಳಗೆ ಹೊಕ್ಕರೆ ಹೊಂಬಣ್ಣ ಮಂಕಾಗಿ, ಘಮ ಹೋಗಿ, ತೊಯ್ದ ರಟ್ಟಿನ ರುಚಿ.

ಇಷ್ಟೆಲ್ಲ ಆದರೂ ಕಹಿ ಬಿಯರ್ ಸುಲಭವಂತೆ. ಸಣ್ಣ ತಪ್ಪು ಆದರೆ ಹಾಪ್ಸ್ ತನ್ನ ಗದ್ದಲದಲ್ಲಿ ಮುಚ್ಚಿಹಾಕುತ್ತದೆ. ಲಾಗರಿನಲ್ಲಿ ಮುಚ್ಚಿಹಾಕಲು ಏನೂ ಇಲ್ಲ. ಹತ್ತು ಡಿಗ್ರಿಯ ಹತ್ತಿರ ನಿಧಾನಕ್ಕೆ ಹುದುಗಬೇಕು, ಆಮೇಲೆ ಸೊನ್ನೆಯ ಸನಿಹದಲ್ಲಿ ತಿಂಗಳು, ಒಂದೂವರೆ ತಿಂಗಳು ಸುಮ್ಮನೆ ಮಲಗಬೇಕು. ಹಿಂದೆ ಬವೇರಿಯಾದಲ್ಲಿ 1553ರ ಆಜ್ಞೆಯಂತೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಕಾಯಿಸುವಂತಿರಲಿಲ್ಲ, ಬೇಸಿಗೆಯಲ್ಲಿ ಕೆಡುತ್ತದೆಂದು. ಮಾರ್ಚಿನಲ್ಲಿ ಮಾಡಿದ್ದನ್ನು ನೆಲಮಾಳಿಗೆಯಲ್ಲಿಟ್ಟು, ಮೇಲೆ ನೆರಳಿಗೆ ಮರ ನೆಟ್ಟರು. ಜನ ಆ ಮರಗಳ ಕೆಳಗೇ ಕುಡಿಯಲು ಕೂತರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಬ್ರೂವರಿಗಳಿಗಾಗಿ ತಂಪು ಮಾಡುವ ಯಂತ್ರ ಕಟ್ಟಿಕೊಟ್ಟ ಮೇಲೆ ಋತುವಿನ ಹಂಗು ತಪ್ಪಿತು. ನನ್ನ ಹೆಂಡತಿಯ ಸಂಸ್ಥಾನದ ಮೂಲಪುರುಷರಲ್ಲಿ ಆತನೂ ಒಬ್ಬ. ಈಗ ಪಬ್ಬಿನ ಮಾಲೀಕನಿಗೆ ಚಿಂತೆ ಬೇರೆ. ಏಲ್ ಆದರೆ ಎರಡು ವಾರಕ್ಕೆ ಟ್ಯಾಂಕು ಖಾಲಿ. ಲಾಗರ್ ಅಷ್ಟು ಹೊತ್ತಿಗೆ ಇನ್ನೂ ನಿದ್ದೆಗೆ ಜಾರುತ್ತಿರುತ್ತದೆ. ಇಂದಿರಾನಗರದ ಬಾಡಿಗೆ ಮಾತ್ರ ಮಲಗುವುದಿಲ್ಲ.

ಅಂದು ಒಂದು ಲಾಗರಿನ ಪರೀಕ್ಷೆ ಇತ್ತು. ಹುದುಗುವಾಗ ಡೈಅಸಿಟೈಲ್ ಎಂಬ ವಸ್ತು ಹುಟ್ಟುತ್ತದೆ, ಅದರ ವಾಸನೆ ಬೆಣ್ಣೆಯದು. ಹುದುಗು ಮುಗಿಯುತ್ತ ಬಂದಾಗ ಟ್ಯಾಂಕನ್ನು ಹದಿನೈದು ಹದಿನಾರು ಡಿಗ್ರಿಗೆ ಏರಿಸಿ ಕೆಲವು ದಿನ ಬಿಟ್ಟರೆ ಯೀಸ್ಟೇ ಅದನ್ನು ನುಂಗಿಹಾಕುತ್ತದೆ. ನುಂಗಿತೋ ಇಲ್ಲವೋ ತಿಳಿಯದೆ ತಂಪಿಗೆ ಇಳಿಸಿದರೆ ತಿಂಗಳ ಕೆಲಸ ಹಾಳು. ಅಳಿಯ ಎರಡು ಮುಚ್ಚಳದ ಗಾಜಿನ ಶೀಶೆಗಳಲ್ಲಿ ಬಿಯರ್ ಹಿಡಿದ. ಒಂದನ್ನು ಹಾಗೇ ಇಟ್ಟ. ಇನ್ನೊಂದನ್ನು ಅರವತ್ತು ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಕೂಡಿಸಿ, ಆಮೇಲೆ ತಣ್ಣೀರಿನಲ್ಲಿಟ್ಟು ಆರಿಸಿದ. ಬೆಣ್ಣೆಯಾಗಲು ಕಾದು ಕೂತ ಅಂಶ ಏನಾದರೂ ಉಳಿದಿದ್ದರೆ ಬಿಸಿಗೆ ಅದು ಹೊರಬೀಳುತ್ತದೆ. ಮುಚ್ಚಳ ಅರ್ಧ ಸರಿಸಿ ಮೂಸಿದ. “ಕ್ಲೀನ್,” ಎಂದ. ಜೊತೆಗಿದ್ದ ಹುಡುಗನೂ ಮೂಸಿ ತಲೆಯಾಡಿಸಿದ. ನಾನು ಮೂಸಿದೆ, ನನಗೆ ಬಿಯರಿನ ವಾಸನೆ ಬಂತು. ಹೆಂಡತಿ ಇದನ್ನೆಲ್ಲ ನೋಡುತ್ತ ನಿಂತವಳು, “ತಾ ಇಲ್ಲಿ,” ಎಂದು ಶೀಶೆ ಇಸಿದುಕೊಂಡಳು. ಆ ಮೂಗು ನಲವತ್ತು ವರ್ಷದಿಂದ ವಾರಕ್ಕೊಮ್ಮೆ ಬೆಣ್ಣೆ ಕಾಸಿ ತುಪ್ಪ ಇಳಿಸಿದ್ದು.

“ಇದರಾಗ ಬೆಣ್ಣಿ ಐತಿ,” ಎಂದಳು. ತಣ್ಣಗಿನ ಶೀಶೆ ಮೂಸಿ, “ಇದರಾಗ ಇಲ್ಲ. ಬಿಸಿ ಮಾಡಿದ್ದರಾಗ ಐತಿ. ಚಲೋ ವಾಸನಿ, ಯಾಕ ಅಂಜ್ತಿ?”

ಹುಡುಗರಿಬ್ಬರೂ ಮುಖ ಮುಖ ನೋಡಿಕೊಂಡರು. ಕೆಲವರ ಮೂಗಿಗೆ ಈ ವಾಸನೆ ಹುಟ್ಟಾ ಹತ್ತುವುದೇ ಇಲ್ಲವಂತೆ, ಕೆಲವರಿಗೆ ಎಳ್ಳಷ್ಟಿದ್ದರೂ ಹತ್ತುತ್ತದಂತೆ. ಟ್ಯಾಂಕನ್ನು ಇನ್ನೆರಡು ದಿನ ಬೆಚ್ಚಗೇ ಬಿಟ್ಟರು. ಅಂದಿನಿಂದ ಅವಳ ಮಾತಿನ ರೀತಿಯೇ ಬದಲಾಗಿದೆ. ನಾನು ಚಹಾ ಚೆನ್ನಾಗಿದೆ ಎಂದರೆ, “ನಿಮಗ ಏನ ತಿಳಿತೈತಿ, ನಿಮ್ಮ ಮೂಗ ಅಷ್ಟರಾಗ ಐತಿ,” ಎನ್ನುತ್ತಾಳೆ.

ನನ್ನ ನಾಲಿಗೆಯ ಯೋಗ್ಯತೆಯನ್ನೂ ಹೇಳಬೇಕು. ಗೋವೆಯ ದಾರಿಯಲ್ಲಿ ಕಣಕುಂಬಿ ಚೆಕ್‌ಪೋಸ್ಟ್ ದಾಟಿದ ಮೇಲೆಯೇ ಬಾಯಾರುವ ಬೆಳಗಾವಿಯ ಘನ ಪರಂಪರೆಗೆ ಸೇರಿದವನು ನಾನು. ಅಳಿಯನ ಕಹಿ ಬಿಯರಿನ ಮೊದಲ ಗುಟುಕಿಗೆ ಮಾವಿನ ತೋಪು ಕಂಡಿತು, ಎರಡನೆಯದಕ್ಕೆ ಮೆಚ್ಚಿದೆ, ಗ್ಲಾಸು ಅರ್ಧವಾಗುವಷ್ಟರಲ್ಲಿ ಸಾಕೆನಿಸಿತು. ಲಾಗರ್ ಮೊದಲು ಏನೂ ಅನ್ನಲಿಲ್ಲ. ಬ್ರೆಡ್ಡಿನ ಅಂಚಿನಷ್ಟು ಸಿಹಿ, ಕೊನೆಗೆ ತುಸು ಕಹಿ, ಅಷ್ಟೇ. ಮಾತಾಡುತ್ತ ಕೂತವನು ನೋಡಿದರೆ ಗ್ಲಾಸು ಮುಗಿದಿತ್ತು. ಅದೇ ಲಾಗರನ್ನು ಕ್ಯಾಂಪಿನ ಗೆಳೆಯ ಮುಂದೊಂದು ಸಲ ಬೆಂ‍ಗಳೂರಿಗೆ ಹೋದಾಗ ಕುಡಿದು, “ಏನೂ ಹತ್ತಂಗಿಲ್ಲಲ್ಲೋ ಇದು!” ಎಂದು ಅಲ್ಲಿಂದಲೇ ನನಗೆ ಫೋನ್ ಮಾಡಿ ದೂರಿದ. ಬಾಟಲಿಯ ಸ್ಟ್ರಾಂಗ್ ಕುಡಿದು ಬೆಳೆದ ಗಂಟಲು ಅದು. ಆರು ವಾರ ಮಲಗಿಸಿದ್ದು ಎಂದು ಹೇಳಿದೆ. “ಎಬ್ಬಸಬೇಕಿತ್ತು,” ಎಂದ.

ಈಚೆಗೆ ಅಳಿಯನಿಗೆ ಅಕ್ಕಿಯ ಹುಚ್ಚು. ಅಕ್ಕಿ ಸೇರಿಸಿದರೆ ಲಾಗರ್ ಹಗುರಾಗುತ್ತದೆ, ದೊಡ್ಡ ಕಂಪನಿಗಳು ಬಹಳ ಕಾಲದಿಂದ ಸೇರಿಸುತ್ತಲೇ ಇವೆ. ಟಾಯ್ಟ್‌ನವರ ಬಾಸ್ಮತಿ ಬ್ಲಾಂಡ್ ಹೆಸರು ಮಾಡಿದೆ. ತಾನು ಯಳ್ಳೂರಿನ ಬಾಸ್ಮತಿ ಹಾಕುವೆ ಎಂದು ಹೊರಟ. ಅಕ್ಕಿಗೆ ಸಿಪ್ಪೆ ಇಲ್ಲದ್ದರಿಂದ ಹಂಡೆಯಲ್ಲಿ ಹಿಟ್ಟು ಕಟ್ಟಿ ರಸ ಸೋಸದೆ ನಿಲ್ಲುತ್ತದೆ. ಅದಕ್ಕೆ ಭತ್ತದ ಹೊಟ್ಟು ಬೇಕು. ಖಾನಾಪುರದ ಗಿರಣಿಯಲ್ಲಿ ಸ್ವಚ್ಛವಾದ ಹೊಟ್ಟು ಕೇಳಿದರೆ ಗಿರಣಿಯವರು, “ಹೊಟ್ಟನ್ಯಾಗ ಸ್ವಚ್ಛ ಯಾವುದ್ರಿ?” ಎಂದು ಚೀಲ ಒಗೆದರು. ಮನೆಯ ಅಂಗಳದಲ್ಲಿ ಅದನ್ನು ಮೊರದಲ್ಲಿ ಕೇರುತ್ತ ಅವ್ವ ಕೇಳಿದಳು, “ಅನ್ನ ಉದುರುದುರ ಆಗಬೇಕೇನ, ಗಂಜಿ ಆಗಬೇಕೇನ?”

“ಗಂಜಿನ, ಆಯಿ. ಪೂರಾ ಕರಗಬೇಕು. ಆಮ್ಯಾಲ ಬಾರ್ಲಿ ಜೋಡಿ ಸೇರಿಸಿ, ರಸ ಸೋಸಿ ತಾಸು ಕುದಸೂದು.”

“ತಾಸು ಕುದಸಿದ ಮ್ಯಾಲ ಬಾಸ್ಮತಿ ವಾಸನಿ ಎಲ್ಲಿ ಉಳಿತೈತೋ? ಇಂಟಾನ್ ಹಾಕು. ರೊಕ್ಕ ಉಳಿತೈತಿ.”

ಅಳಿಯ ಮೊರ ನೋಡುತ್ತ ಕೂತ. ಹಾಪ್ಸಿನ ವಿಷಯದಲ್ಲಿ ನಮಗೆಲ್ಲ ಪಾಠ ಮಾಡಿದವನಿಗೆ ಅಕ್ಕಿಯ ವಿಷಯದಲ್ಲಿ ಅದೇ ಪಾಠ ಹೊಳೆದಿರಲಿಲ್ಲ. ಇಂಟಾನ್ ಅಕ್ಕಿಯ ಒಂದು ಚೀಲ ಬಸ್ಸಿನಲ್ಲಿ ಬೆಂಗಳೂರಿಗೆ ಹೋಯಿತು.

ಮೊನ್ನೆ ಧಾರವಾಡಕ್ಕೆ ಕನ್ಯೆ ನೋಡಲು ಹೋಗಿದ್ದೆವು. ಅಕ್ಕ ದಾರಿಯುದ್ದಕ್ಕೂ ನಮಗೆಲ್ಲ ಮಾತು ಕಲಿಸುತ್ತ ಬಂದಿದ್ದಳು. ಅವಲಕ್ಕಿ ಬಂತು, ಚಹಾ ಬಂತು. ಹುಡುಗಿಯ ತಂದೆ ನಿವೃತ್ತ ಇಂಜಿನಿಯರು ಎಂದಷ್ಟೇ ನಮಗೆ ಗೊತ್ತಿತ್ತು. ನೀರು ಸರಬರಾಜಿನಲ್ಲೇ ಮೂವತ್ತು ವರ್ಷ ತೆಗೆದವರು ಎಂಬುದು ಅವರು ಬಾಯಿಬಿಟ್ಟಾಗ ತಿಳಿಯಿತು.

“ವಾಟರ್ ಟ್ರೀಟ್‌ಮೆಂಟ್ ಅಂದ್ರಿ. ಯಾವ ಪ್ಲಾಂಟ್ರಿ? ಎಷ್ಟು ಎಂಎಲ್‌ಡಿ?”

ಅಕ್ಕ ಭಾವನನ್ನು ನೋಡಿದಳು. ಭಾವ ನನ್ನನ್ನು ನೋಡಿದ. ನಾನು ಫ್ಯಾನ್ ನೋಡಿದೆ. ಅಳಿಯ ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಚಹಾದ ಕಪ್ಪು ಕೆಳಗಿಟ್ಟು, “ಬಿಯರ್ ಮಾಡ್ತಾನ್ರಿ. ಭಾಳ ಸ್ವಚ್ಛ ಮಾಡ್ತಾನ. ನಾನ ಮೂಸಿ ನೋಡೀನಿ,” ಎಂದಳು.

ಅವರು ಅವಲಕ್ಕಿಯ ಪ್ಲೇಟನ್ನು ಪಕ್ಕಕ್ಕೆ ಸರಿಸಿ, ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ಮುಂದಕ್ಕೆ ಬಾಗಿದರು.

“ಲಾಗರೋ, ಏಲೋ?”